ಅಮ್ಮ ಊರಿಗೆ ಹೋಗಿದ್ದಾಳೆ ಅಂತ ಮಗಳಿಗೆ ಸುಳ್ಳು ಹೇಳಿದ್ದೇವೆ. ಈಗ ನಿಜ ಹೇಗೆ ಹೇಳಲಿ?

ಮಗಳ ಅಪ್ಪ:

ನನ್ನ ಹೆಂಡತಿ ಹೋಗಿ ನಾಲ್ಕೂವರೆ ತಿಂಗಳಾಯಿತು. ಮಗಳಿಗೆ ಆರು ತುಂಬಿ ಏಳು ನಡೆಯುತ್ತಿದೆ. ಅವತ್ತು ಬೆಳಿಗ್ಗೆ ತಲೆನೋವು ಅಂದಳು. ಮಗಳನ್ನು ಶಾಲೆಗೆ ಹೊರಡಿಸಿ, ಸ್ವಲ್ಪ ಹೊತ್ತು ಮಲಗುತ್ತೇನೆ ಅಂದವಳು ಮತ್ತೆ ಏಳಲಿಲ್ಲ. ಮಿದುಳಿನಲ್ಲಿ ರಕ್ತನಾಳ ಒಡೆದಿದೆ ಅಂದರು ಡಾಕ್ಟರು. ಎರಡು ದಿನ ಐಸಿಯುನಲ್ಲಿದ್ದಳು. ವಯಸ್ಸು 34.

ಮಗಳನ್ನು ಶಾಲೆಯಿಂದ ನೇರವಾಗಿ ನನ್ನ ಅಕ್ಕನ ಮನೆಗೆ ಕಳಿಸಿಬಿಟ್ಟೆವು. ಎಲ್ಲ ಮುಗಿದು ಎರಡು ವಾರ ಆದ ಮೇಲೆ ಕರೆದುಕೊಂಡು ಬಂದೆವು. ಬಂದವಳೇ ಒಂದೊಂದು ಕೋಣೆಗೂ ಹೋಗಿ ನೋಡಿ, "ಅಮ್ಮ ಎಲ್ಲಿ?" ಅಂದಳು. ನನ್ನ ಗಂಟಲು ಕಟ್ಟಿತು. ನನ್ನ ಅಮ್ಮ "ಊರಿಗೆ ಹೋಗಿದಾಳೆ ಪುಟ್ಟಿ, ಬರ್ತಾಳೆ" ಅಂದುಬಿಟ್ಟರು. ನಾನು ಸುಮ್ಮನಿದ್ದೆ. ಹಾಗಾಗಿ ಆ ಸುಳ್ಳಿನಲ್ಲಿ ನನಗೂ ಪಾಲಿದೆ.

ಮೊದಲ ತಿಂಗಳು ದಿನಾ ಕೇಳುತ್ತಿದ್ದಳು. ಒಂದು ದಿನ ಬೀರು ತೆಗೆದಾಗ ನೀಲಿ ಬ್ಯಾಗ್ ಕಂಡಿತು. ಎಲ್ಲಿಗೆ ಹೋದರೂ ಅವಳಮ್ಮ ಒಯ್ಯುತ್ತಿದ್ದದ್ದು ಅದೇ ಬ್ಯಾಗ್. "ಅಪ್ಪ, ಅಮ್ಮ ಬ್ಯಾಗ್ ಬಿಟ್ಟು ಹೋಗಿದಾಳೆ" ಅಂದಳು. ಮಾರನೇ ದಿನ ಬಾಗಿಲ ಹತ್ತಿರ ಕೂತು ಅಮ್ಮನ ಚಪ್ಪಲಿ ಎಣಿಸಿದಳು. ಅಮ್ಮನ ಹತ್ತಿರ ಇದ್ದದ್ದೇ ಮೂರು ಜೊತೆ. ಮೂರೂ ಅಲ್ಲೇ ಇದ್ದವು. ಅವತ್ತಿನಿಂದ ನನ್ನನ್ನು ಕೇಳುವುದು ಬಿಟ್ಟಿದ್ದಾಳೆ.

ಆದರೆ ಫೋನ್ ಮಾಡುತ್ತಾಳೆ. ಅವಳಮ್ಮನ ನಂಬರ್ ಅವಳಿಗೆ ಬಾಯಿಪಾಠ. ಆ ಫೋನನ್ನು ನಾನು ಆಫ್ ಮಾಡಿಲ್ಲ. ಆಫೀಸಿನ ಡ್ರಾಯರಿನಲ್ಲಿಟ್ಟು ದಿನಾ ಚಾರ್ಜ್ ಮಾಡುತ್ತೇನೆ. ಮಧ್ಯಾಹ್ನ ಮೂರೂವರೆಗೆ ಶಾಲೆಯಿಂದ ಬಂದು ಅಜ್ಜಿಯ ಫೋನಿನಿಂದ ಕರೆ ಮಾಡುತ್ತಾಳೆ. ಡ್ರಾಯರಿನಲ್ಲಿ ಫೋನ್ ನಡುಗುತ್ತದೆ. ಸ್ಕ್ರೀನ್ ಮೇಲೆ "ಅತ್ತೆ" ಅಂತ ಬರುತ್ತದೆ. ಎತ್ತೋಕೂ ಆಗಲ್ಲ, ಕಟ್ ಮಾಡೋಕೂ ಆಗಲ್ಲ. ನಿಲ್ಲುವವರೆಗೂ ಡ್ರಾಯರಿನ ಮೇಲೆ ಕೈಯಿಟ್ಟು ಕೂತಿರುತ್ತೇನೆ.

ಬೇರೆ ಯಾವ ತೊಂದರೆಯೂ ಇಲ್ಲ. ಊಟ, ನಿದ್ದೆ, ಪಾಠ ಎಲ್ಲ ಸರಿಯಾಗಿದೆ. ನಿಜ ಹೇಳಬೇಕೆಂದರೆ ಮೊದಲಿಗಿಂತ ತುಂಬ ಜಾಣೆಯಾಗಿದ್ದಾಳೆ. ಮನೆಯಲ್ಲಿ ಗಲಾಟೆಯೇ ಇಲ್ಲ. ಮೆಲ್ಲಗೆ ಮಾತಾಡುತ್ತಾಳೆ, ಬಾಗಿಲು ಕೂಡ ಸದ್ದಾಗದ ಹಾಗೆ ಹಾಕುತ್ತಾಳೆ. ಬಂದವರೆಲ್ಲ "ಎಷ್ಟು ಅರ್ಥ ಮಾಡ್ಕೊಂಡಿದೆ ಮಗು" ಅನ್ನುತ್ತಾರೆ.

ಹತ್ತು ವರ್ಷ ಆಗುವವರೆಗೆ ಹೇಳಬೇಡ, ಎದೆ ಒಡೆದುಹೋಗುತ್ತದೆ ಅನ್ನುತ್ತಾರೆ ಅಮ್ಮ. ನನಗೆ ಈ ಫೋನಿನ ನಡುಕ ಇನ್ನು ತಡೆಯೋಕಾಗಲ್ಲ. ಯಾವ ಮಾತಿನಲ್ಲಿ ಹೇಳಲಿ? ಇಷ್ಟು ದಿನ ಸುಳ್ಳು ಹೇಳಿದ ನನ್ನನ್ನು ಅವಳು ಮತ್ತೆ ನಂಬುತ್ತಾಳಾ?

ಒಂದನೇ ಕ್ಲಾಸ್ ಟೀಚರ್:

ನಿಮ್ಮ ಮಗಳ ವಯಸ್ಸಿನ ಮಕ್ಕಳಿಗೆ 22 ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಹತ್ತು ವರ್ಷದವರೆಗೆ ಕಾಯಬೇಡಿ ಸರ್. ಈ ವಾರವೇ ಹೇಳಿ. ಚಪ್ಪಲಿ ಎಣಿಸಿದ ಮಗು ಅದು. ಅರ್ಧ ಲೆಕ್ಕ ಆಗಲೇ ಮಾಡಿ ಮುಗಿಸಿದೆ. ಉಳಿದರ್ಧವನ್ನು ಕ್ಲಾಸಿನ ಇನ್ನೊಂದು ಮಗು ಹೇಳುವ ಮೊದಲು ನೀವು ಹೇಳಬೇಕು.

ಮಾತಿನ ಬಗ್ಗೆ ಕೇಳಿದ್ದೀರಿ. "ಸತ್ತುಹೋದಳು" ಅನ್ನಿ. ನಮ್ಮ ಕಿವಿಗೆ ಒರಟಾಗಿ ಕೇಳುತ್ತದೆ, ಗೊತ್ತು. ನಾವು ದೊಡ್ಡವರು ತೀರಿಕೊಂಡರು, ಹೋಗಿಬಿಟ್ಟರು, ಇನ್ನಿಲ್ಲ ಅಂತೆಲ್ಲ ಹೇಳುವುದು ನಮ್ಮ ನಾಲಿಗೆಗೆ ಹಗುರವಾಗಲಿ ಅಂತ. ಹೋದವರು ವಾಪಸ್ ಬರುತ್ತಾರೆ ಅನ್ನುವುದು ಮಗುವಿನ ಲೆಕ್ಕ. "ಮಲಗಿದಾಳೆ" ಅಂತೂ ಬೇಡವೇ ಬೇಡ. ನಿಮ್ಮ ಮಗಳ ಅಮ್ಮ ನಿಜಕ್ಕೂ ಮಲಗಿದ್ದಾಗಲೇ ಹಾಗಾದದ್ದು. ಅದನ್ನು ಕೇಳಿ ಅವಳು ನಿದ್ದೆಗೇ ಹೆದರಬಹುದು. ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗನಿದ್ದ. ಅವನಿಗೆ ಮನೆಯಲ್ಲಿ "ಒಳ್ಳೆಯವರನ್ನ ದೇವರು ಬೇಗ ಕರ್ಕೊಳ್ತಾನೆ" ಅಂತ ಹೇಳಿದ್ದರು. ತುಂಬ ಸಾಧು ಹುಡುಗ, ಇದ್ದಕ್ಕಿದ್ದಂತೆ ಪುಸ್ತಕ ಹರಿಯೋಕೆ, ಪಕ್ಕದವರಿಗೆ ಹೊಡೆಯೋಕೆ ಶುರು ಮಾಡಿದ. ಒಂದು ತಿಂಗಳಾದ ಮೇಲೆ ನನ್ನ ಕಿವಿಯಲ್ಲಿ ಹೇಳಿದ: "ಮಿಸ್, ನಾನು ಒಳ್ಳೆಯವನಾದ್ರೆ ನನ್ನನ್ನೂ ಕರ್ಕೊಂಡ್ ಹೋಗ್ತಾನೆ."

ಸಾವು ಅಂದರೇನು ಅಂತ ದೇಹದ ಭಾಷೆಯಲ್ಲಿ ಹೇಳಿ. ಎದೆ ಬಡಿಯುವುದು ನಿಂತಿತು. ಉಸಿರಾಟ ನಿಂತಿತು. ಅವಳಿಗೆ ಈಗ ಹಸಿವಿಲ್ಲ, ಚಳಿಯಿಲ್ಲ, ನೋವಿಲ್ಲ. ನಿಂತದ್ದನ್ನು ಮತ್ತೆ ಶುರು ಮಾಡೋಕೆ ಯಾರಿಂದಲೂ ಆಗಲ್ಲ. 1948ರಲ್ಲಿ ಪ್ರಕಟವಾದ ಮಾರಿಯಾ ನಾಗಿ ಅವರ ಹಳೆಯ ಅಧ್ಯಯನವೊಂದಿದೆ. ಬುಡಾಪೆಸ್ಟ್ ಸುತ್ತಮುತ್ತಲಿನ 3ರಿಂದ 10 ವರ್ಷದ 378 ಮಕ್ಕಳು ಸಾವಿನ ಬಗ್ಗೆ ಏನು ಅಂದುಕೊಂಡಿದ್ದಾರೆ ಅಂತ ನೋಡಿದ್ದರು. ತೀರ ಚಿಕ್ಕವರಿಗೆ ಅದು ದೂರ ಹೋದ ಹಾಗೆ, ನಿದ್ದೆ ಮಾಡಿದ ಹಾಗೆ. ಮತ್ತೆ ಬರಬಹುದು ಅಂದುಕೊಳ್ಳುತ್ತಾರೆ. ಐದು ದಾಟಿದವರು ಅದು ಮುಗಿದ ಸಂಗತಿ ಅಂತ ಹಿಡಿಯತೊಡಗುತ್ತಾರೆ. ನಿಮ್ಮ ಮಗಳು ಆ ಹೊಸ್ತಿಲ ಮೇಲಿದ್ದಾಳೆ. ಅವಳಿಗೆ ಅರ್ಥವಾಗುತ್ತದೆ. ಒಂದೇ ಸಲಕ್ಕೆ ಆಗಲ್ಲ ಅಷ್ಟೇ. ಇಪ್ಪತ್ತು ಸಲ ಕೇಳಬಹುದು. ಇಪ್ಪತ್ತು ಸಲವೂ ಅದೇ ಉತ್ತರ ಕೊಡಿ.

ಹೇಳಿದ ದಿನವೇ ಅವಳ ಟೀಚರಿಗೂ ತಿಳಿಸಿಬಿಡಿ. ನಮಗೆ ಗೊತ್ತಿಲ್ಲದೆ "ಅಮ್ಮನ ಸೈನ್ ಹಾಕಿಸ್ಕೊಂಡ್ ಬಾ" ಅಂದುಬಿಡುತ್ತೇವೆ.

ಕಿರಿಮಗ:

ನಾನು ಇಲ್ಲಿ ಬರೆಯುವವನಲ್ಲ. ಓದಿ ಸುಮ್ನೆ ಹೋಗುವವನು. ನಿಮ್ಮ ಪ್ರಶ್ನೆ ನೋಡಿದ ಮೇಲೆ ಹೋಗೋಕಾಗಲಿಲ್ಲ.

ನನ್ನ ಅಪ್ಪ ಸತ್ತಾಗ ನನಗೆ ಎಂಟು. ಈಗ 41. ಕೆಲಸದ ಮೇಲೆ ದೂರ ಹೋಗಿದ್ದಾರೆ ಅಂತ ನನಗೂ ಹೇಳಿದ್ದರು. ನಿಜ ಗೊತ್ತಾದದ್ದು ಗೋಲಿ ಆಡುವಾಗ. ಆಟದಲ್ಲಿ ಜಗಳ ಆಯಿತು. "ತಾಳು, ನಮ್ಮಪ್ಪ ಬರ್ಲಿ" ಅಂದೆ. ಆ ಹುಡುಗ ಕೂಡಲೇ, "ನಿಮ್ಮಪ್ಪ ಸತ್ತೋಗಿದಾರೆ, ಗೊತ್ತಿಲ್ವಾ?" ಅಂದ. ಅವನಿಗೆ ನನ್ನ ಮನಸ್ಸು ನೋಯಿಸಬೇಕು ಅಂತೇನೂ ಇರಲಿಲ್ಲ. ನನಗೆ ಗೊತ್ತಿಲ್ಲ ಅನ್ನುವುದೇ ಅವನಿಗೆ ಆಶ್ಚರ್ಯ. ಇಡೀ ಬೀದಿಗೆ ಗೊತ್ತಿತ್ತು, ನನಗೊಬ್ಬನಿಗೆ ಗೊತ್ತಿರಲಿಲ್ಲ.

ಅವತ್ತು ಮನೆಗೆ ಹೋಗಿ ನಾನು ಏನೂ ಹೇಳಲಿಲ್ಲ. ಯಾಕೆ ಅಂದರೆ ಅಮ್ಮ ನನ್ನ ಸಲುವಾಗಿ ಅಷ್ಟು ಕಷ್ಟಪಟ್ಟು ನಗುತ್ತಿದ್ದಳು. ನನಗೆ ಗೊತ್ತಾಗಿದೆ ಅಂತ ಗೊತ್ತಾದರೆ ಅವಳು ಅಳುತ್ತಾಳೆ ಅಂತ ಹೆದರಿದೆ. ಎರಡು ವರ್ಷ. ಅವಳು "ಅಪ್ಪ ಬರ್ತಾರೆ" ಅನ್ನುತ್ತಿದ್ದಳು, ನಾನು "ಹೂಂ" ಅನ್ನುತ್ತಿದ್ದೆ. ಒಂದೇ ಚಾಪೆಯ ಮೇಲೆ ಮಲಗಿ ಇಬ್ಬರೂ ಬೇರೆ ಬೇರೆಯಾಗಿ ಅಳುತ್ತಿದ್ದೆವು. ಅಮ್ಮನ ಮೇಲೆ ನನಗೆ ಈಗ ಒಂದು ಚೂರೂ ಸಿಟ್ಟಿಲ್ಲ. ಆದರೆ ಆ ಎರಡು ವರ್ಷ ನಾವಿಬ್ಬರೂ ಜೊತೆಗೆ ಅಳಬಹುದಿತ್ತಲ್ಲ ಅನ್ನುವುದು ಇವತ್ತಿಗೂ ಇದೆ.

ನಿಮ್ಮ ಮಗಳು ನಿಮ್ಮನ್ನು ಕೇಳುವುದು ಬಿಟ್ಟಿದ್ದಾಳೆ ಅಂದಿರಿ. ಮರೆತಳು ಅಂದುಕೊಳ್ಳಬೇಡಿ. ಕೇಳಿದರೆ ನಿಮಗೆ ನೋವಾಗುತ್ತದೆ ಅಂತ ಕಂಡುಕೊಂಡಿದ್ದಾಳೆ ಅಂತ ನನಗನ್ನಿಸುತ್ತದೆ.

ಇನ್ನೊಂದು ಮಾತು. ಅದಕ್ಕೇ ಮುಖ್ಯವಾಗಿ ಬರೆಯಲು ಕೂತೆ. ನೀವು ಬರೆದದ್ದರಲ್ಲಿ ನನ್ನನ್ನು ಹೆದರಿಸಿದ್ದು ಫೋನಲ್ಲ, ಆ ಜಾಣತನ. ಗಲಾಟೆ ಮಾಡುತ್ತಿದ್ದ ಮಗು ಬಾಗಿಲು ಕೂಡ ಸದ್ದಿಲ್ಲದೆ ಹಾಕುತ್ತದೆ ಅಂದರೆ ಅದಕ್ಕೆ ಏನೋ ಕಾರಣವಿದೆ. ಅಪ್ಪ ಹೋದ ದಿನ ಬೆಳಿಗ್ಗೆ ನನ್ನ ತಲೆ ಬಾಚಲು ಬಂದಿದ್ದರು. ನನಗೆ ನಾನೇ ಬಾಚಿಕೊಳ್ಳುವ ಹಟ. ಅವರ ಕೈ ತಳ್ಳಿದೆ. ಬಾಚಣಿಗೆ ಬಿತ್ತು. ಅವರು ಸತ್ತದ್ದು ಹೃದಯಾಘಾತದಿಂದ, ಮಧ್ಯಾಹ್ನ, ನಾನು ಎಲ್ಲೋ ಇದ್ದಾಗ. ಆದರೂ ಹದಿನೈದು ವರ್ಷದವನಾಗುವವರೆಗೆ ನಾನು ಕೈ ತಳ್ಳಿದ್ದಕ್ಕೇ ಹಾಗಾಯಿತು ಅಂದುಕೊಂಡಿದ್ದೆ. ಯಾರಿಗೂ ಹೇಳಲಿಲ್ಲ. ಯಾರೂ ಕೇಳಲಿಲ್ಲ. ಕೇಳಬೇಕು ಅಂತ ದೊಡ್ಡವರಿಗೆ ಹೊಳೆಯುವುದಾದರೂ ಹೇಗೆ, ಅಲ್ವಾ? ನನಗೆ ಮಾತ್ರ ಆ ಬಾಚಣಿಗೆ ಬಿದ್ದ ಸದ್ದು ದಿನಾ ಕೇಳುತ್ತಿತ್ತು.

ಹಾಗಾಗಿ, ಅವಳು ಕೇಳಲಿ ಬಿಡಲಿ, "ನಿನ್ನಿಂದ ಆದದ್ದಲ್ಲ" ಅಂತ ಬಾಯಿಬಿಟ್ಟು ಹೇಳಿ. ನೀನು ಮಾಡಿದ್ದು, ಅಂದದ್ದು, ಮನಸ್ಸಿನಲ್ಲಿ ಅಂದುಕೊಂಡದ್ದು ಯಾವುದರಿಂದಲೂ ಅಲ್ಲ ಅಂತ ಬಿಡಿಸಿ ಹೇಳಿ. ಅವತ್ತು ಬೆಳಿಗ್ಗೆ ಏನೇನಾಯಿತು ಅಂತ ನಿಧಾನಕ್ಕೆ ಕೇಳಿ. ನಂಬುತ್ತಾಳಾ ಅಂತ ಕೇಳಿದಿರಿ. "ನಾನು ಸುಳ್ಳು ಹೇಳಿದೆ, ತಪ್ಪಾಯಿತು" ಅಂತ ನನ್ನ ಅಮ್ಮ ಅಂದಿದ್ದರೆ ನಾನು ಅವಳ ಮಡಿಲಲ್ಲಿ ಬಿದ್ದುಬಿಡುತ್ತಿದ್ದೆ.

ಮೊಮ್ಮಗನ ಅಜ್ಜಿ:

ಮಗನೇ, ಎಲ್ಲರೂ ಹೇಳು ಹೇಳು ಅನ್ನುತ್ತಿದ್ದಾರೆ. ಹೇಳಬೇಕು, ನಿಜ. ಆದರೆ ನಿನ್ನ ಅಮ್ಮನ ಪರವಾಗಿ ನನ್ನದೂ ಒಂದು ಮಾತಿರಲಿ.

ನನಗೆ 67. ಮಗಳು ಹೋದ ಮೇಲೆ ಮೊಮ್ಮಗನನ್ನು ನಾನೇ ಬೆಳೆಸಿದ್ದು. ನಾನೂ ಇಂಥದ್ದೇ ಸುಳ್ಳು ಹೇಳಿದ್ದೆ. ತಿಳಿವಳಿಕೆ ಇಲ್ಲದೆ ಅಲ್ಲ. ಆ ಮುಖ ನನ್ನ ಕಣ್ಣೆದುರಿಗೆ ಬಾಡುವುದು ಇವತ್ತೊಂದು ದಿನ ಬೇಡ, ನಾಳೆ ನೋಡೋಣ ಅಂತ. ಹಾಗೆ ನಾಳೆ ನಾಳೆ ಅಂತ ಎಂಟು ತಿಂಗಳಾಯಿತು. ನಿನ್ನ ಅಮ್ಮನೂ ಸೊಸೆಯನ್ನು ಕಳೆದುಕೊಂಡಿದ್ದಾಳೆ. ದಿನಾ ಮೂರೂವರೆಗೆ ಮೊಮ್ಮಗಳ ಕೈಗೆ ಫೋನ್ ಕೊಡುವುದು ಅವಳೇ ಅಲ್ಲವೇ? ಆ ಹೊತ್ತಿನಲ್ಲಿ ಅವಳು ಏನು ಅನುಭವಿಸುತ್ತಾಳೋ ಕೇಳಿದೆಯಾ?

ಮೊದಲು ಅಮ್ಮನ ಹತ್ತಿರ ಮಾತಾಡು. ಹೇಳುವಾಗ ಅವಳನ್ನೂ ಪಕ್ಕದಲ್ಲಿ ಕೂರಿಸಿಕೋ. ಮಗುವಿನ ಮುಂದೆ ಅವಳನ್ನು ಸುಳ್ಳಿ ಮಾಡಬೇಡ. "ನಾವು ಹೇಳಿದ್ದು ಸುಳ್ಳು" ಅನ್ನು. "ಅಜ್ಜಿ ಹೇಳಿದ್ದು" ಅನ್ನಬೇಡ.

ಆಪ್ತ ಸಲಹೆಗಾರ್ತಿ:

ಅಜ್ಜಿಯ ಮಾತು ನೂರಕ್ಕೆ ನೂರು ಸರಿ. ನಾನು ಮಕ್ಕಳ ಜೊತೆ ಕೆಲಸ ಮಾಡುವವಳು. ಒಂದೆರಡು ವಿಷಯ ಮಾತ್ರ ಸೇರಿಸುತ್ತೇನೆ.

ಫೋನ್ ಕರೆಗೆ ಹೆದರಬೇಡಿ. ಹಾರ್ವರ್ಡ್‌ನಲ್ಲಿ ಅಪ್ಪ ಅಥವಾ ಅಮ್ಮನನ್ನು ಕಳೆದುಕೊಂಡ 70 ಕುಟುಂಬಗಳ 125 ಮಕ್ಕಳನ್ನು ಎರಡು ವರ್ಷ ಗಮನಿಸಿದ ಅಧ್ಯಯನವಿದೆ. 6ರಿಂದ 17 ವರ್ಷದವರು. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಸತ್ತ ಅಪ್ಪ ಅಮ್ಮನ ಜೊತೆ ಮಾತಾಡುತ್ತಿದ್ದರು. ಸುಮಾರು ಮುಕ್ಕಾಲು ಪಾಲು ಮಕ್ಕಳು ಅವರದೊಂದು ವಸ್ತುವನ್ನು ಇಟ್ಟುಕೊಂಡಿದ್ದರು. ಸತ್ತಿದ್ದಾರೆ ಅಂತ ಗೊತ್ತಿದ್ದೂ ಮಾತಾಡುತ್ತಿದ್ದರು. ಹಾಗಾಗಿ ನಿಜ ತಿಳಿದ ಮೇಲೂ ಅವಳು ಅಮ್ಮನಿಗೆ ಏನಾದರೂ ಹೇಳಿಕೊಳ್ಳಬಹುದು. ತಡೆಯಬೇಡಿ. ಆ ನೀಲಿ ಬ್ಯಾಗ್ ಅವಳಿಗೆ ಕೊಟ್ಟುಬಿಡಿ.

ಹೇಳಿದ ಐದೇ ನಿಮಿಷಕ್ಕೆ ಆಟಕ್ಕೆ ಓಡಿದರೆ ಕಲ್ಲು ಮನಸ್ಸು ಅಂದುಕೊಳ್ಳಬೇಡಿ. ಮಕ್ಕಳು ದುಃಖದೊಳಗೆ ತುಂಬ ಹೊತ್ತು ಕೂರಲಾರರು. ಸ್ವಲ್ಪ ಹೊತ್ತು ಇಳಿದು, ಮೇಲೆ ಬಂದು, ಮತ್ತೆ ಇಳಿಯುತ್ತಾರೆ. ಸಿಟ್ಟೂ ಬರಬಹುದು. ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ 1982ರಲ್ಲಿ ಶುರುವಾದ ಡಗಿ ಸೆಂಟರ್ ಅಂತ ಒಂದು ಜಾಗವಿದೆ, ಹೀಗೆ ಕಳೆದುಕೊಂಡ ಮಕ್ಕಳಿಗಾಗಿ. ಅಲ್ಲಿ ಒಂದು ಕೋಣೆಯ ಹೆಸರೇ ಜ್ವಾಲಾಮುಖಿ. ಮಕ್ಕಳು ಅಲ್ಲಿ ಮೆತ್ತನೆಯ ವಸ್ತುಗಳನ್ನು ಎಸೆದು, ಒದ್ದು, ಕೂಗಾಡಬಹುದು. ನಿಮ್ಮ ಮನೆಯಲ್ಲಿ ಎರಡು ದಿಂಬು ಸಾಕು.

ಎರಡನೇ ವರ್ಷದ ಮೇಲೆ ಕಣ್ಣಿಡಿ. ಆ ಅಧ್ಯಯನದಲ್ಲಿ ಕೆಲವು ಮಕ್ಕಳಿಗೆ ತೊಂದರೆ ಕಾಣಿಸಿಕೊಂಡದ್ದು ಆಗ, ಸುತ್ತಲಿನವರು ಇನ್ನು ಸರಿಹೋಯಿತು ಅಂದುಕೊಂಡ ಮೇಲೆ. ಶಾಲೆ, ನಿದ್ದೆ, ಗೆಳೆಯರು ಎಲ್ಲವೂ ತಿಂಗಳುಗಟ್ಟಲೆ ಕೆಟ್ಟಿದ್ದರೆ, ಅಥವಾ ತಾನೂ ಸಾಯಬೇಕು ಅಂತ ಮತ್ತೆ ಮತ್ತೆ ಹೇಳಿದರೆ, ತಡ ಮಾಡದೆ ಮಕ್ಕಳ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಮತ್ತೆ, ನಿಮ್ಮ ಊಟ ನಿದ್ದೆ ಹೇಗಿದೆ? ಉಳಿದಿರುವ ಅಪ್ಪ ಅಥವಾ ಅಮ್ಮ ಹೇಗಿದ್ದಾರೆ ಅನ್ನುವುದರ ಮೇಲೇ ಮಗು ತುಂಬ ನಿಂತಿರುತ್ತದೆ. ಅದಕ್ಕೆ ಕೇಳುತ್ತಿದ್ದೇನೆ.

ಮಗಳ ಅಪ್ಪ:

ಒಂಬತ್ತು ದಿನ ಆಯಿತು. ಹೇಳಿದೆ.

ಮೊದಲು ಅಮ್ಮನ ಹತ್ತಿರ ಮಾತಾಡಿದೆ. ಅಜ್ಜಿಯವರು ಬರೆದದ್ದನ್ನೇ ಓದಿ ಹೇಳಿದೆ. ಫೋನಿನ ವಿಷಯ ಬಂದಾಗ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ದಿನಾ ಮೂರೂವರೆಗೆ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಾರಂತೆ, ಮಗು ಅಲ್ಲಿ "ಹಲೋ ಅಮ್ಮ" ಅನ್ನುವುದು ಕೇಳಬಾರದು ಅಂತ.

ಶನಿವಾರ ಬೆಳಿಗ್ಗೆ ಮೂವರೂ ನೆಲದ ಮೇಲೆ ಕೂತೆವು. "ಪುಟ್ಟಿ, ಅಮ್ಮ ಊರಿಗೆ ಹೋಗಿಲ್ಲ. ನಾವು ನಿನಗೆ ಸುಳ್ಳು ಹೇಳಿದ್ವಿ, ಅದು ತಪ್ಪು. ಅಮ್ಮ ಸತ್ತುಹೋದಳು" ಅಂದೆ. ಆ ಪದ ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಟೀಚರ್ ಹೇಳಿದ ಹಾಗೆ ಎದೆ, ಉಸಿರು ಎಲ್ಲ ಹೇಳಿದೆ. ನನಗೇ ಅಳು ಬಂತು. ತಡೆಯಲಿಲ್ಲ.

ಅವಳು ಅಳಲಿಲ್ಲ. "ಚಪ್ಪಲಿ ಎಲ್ಲ ಇಲ್ಲೇ ಇದೆಯಲ್ಲ, ನಂಗೊತ್ತಿತ್ತು" ಅಂದಳು. ಆಮೇಲೆ "ಬಣ್ಣ ಹಚ್ಚಲಾ?" ಅಂತ ಎದ್ದು ಹೋದಳು. ಇಲ್ಲಿ ಮೊದಲೇ ಬರೆದಿರದಿದ್ದರೆ ನಾನು ಅಲ್ಲೇ ಕುಸಿದುಬಿಡುತ್ತಿದ್ದೆ.

ರಾತ್ರಿ ಮಲಗಿದಾಗ ಕಿರಿಮಗ ಅವರು ಹೇಳಿದ್ದು ಮಾಡಿದೆ. ನಿನ್ನಿಂದ ಆದದ್ದಲ್ಲ ಅಂದೆ. ಮೈ ಬಿಗಿಯಾಯಿತು ಮಗುವಿನದು. ಅವತ್ತು ಬೆಳಿಗ್ಗೆ ಏನಾಯಿತು ಅಂತ ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದಳು. ಆಮೇಲೆ ಗೋಡೆ ಕಡೆ ತಿರುಗಿ ಹೇಳಿದಳು. ಸಾಕ್ಸ್ ಹಾಕ್ಕೊಳ್ಳಲ್ಲ ಅಂತ ಕಿರುಚಿದ್ದಳಂತೆ. ಅಮ್ಮ "ಗಲಾಟೆ ಮಾಡಬೇಡ, ನಿನ್ನ ಗಲಾಟೆಗೆ ನನ್ನ ತಲೆ ಸಿಡೀತಿದೆ" ಅಂದಳಂತೆ. "ನಾನು ಮತ್ತೆ ಕಿರುಚಿದೆ ಅಪ್ಪ. ಸಿಡಿದೇ ಹೋಯ್ತು."

ಎಲ್ಲರ ಮನೆಯಲ್ಲೂ ದಿನಕ್ಕೊಂದು ಸಲ ಬರುವ ಮಾತು ಅದು. ಆಸ್ಪತ್ರೆಯಿಂದ ಬಂದ ಮೇಲೆ ನಾನೂ ಫೋನಿನಲ್ಲಿ ಎಷ್ಟೋ ಜನಕ್ಕೆ "ತಲೆಯೊಳಗೆ ಒಡೆದುಹೋಯಿತು" ಅಂತ ಹೇಳಿದ್ದೇನೆ. ಅವಳ ಕಿವಿಗೆ ಬಿದ್ದಿರಬೇಕು. ನಾಲ್ಕೂವರೆ ತಿಂಗಳು ಈ ಮಗು ನನ್ನ ತಲೆ ಸಿಡಿಯದಿರಲಿ ಅಂತ ಮೆಲ್ಲಗೆ ಬಾಗಿಲು ಹಾಕುತ್ತಿತ್ತು. ನಾವು ಅದನ್ನು ಜಾಣೆ ಅಂತ ಹೊಗಳುತ್ತಿದ್ದೆವು.

ಎದ್ದು ದೀಪ ಹಾಕಿದೆ. ಹಾಳೆ ಮೇಲೆ ಬರೆದು ತೋರಿಸಿದೆ. ತಲೆಯೊಳಗೆ ರಕ್ತ ಹರಿಯುವ ಸಣ್ಣ ಸಣ್ಣ ಕೊಳವೆಗಳಿವೆ. ಅಮ್ಮನ ಒಂದು ಕೊಳವೆಯ ಗೋಡೆ ತೆಳ್ಳಗಾಗಿ ಬಲೂನಿನ ಹಾಗೆ ಉಬ್ಬಿತ್ತು. ಯಾರಿಗೂ ಕಾಣಿಸುತ್ತಿರಲಿಲ್ಲ, ಅಮ್ಮನಿಗೂ ಗೊತ್ತಿರಲಿಲ್ಲ. ಅದಕ್ಕೇ ತಲೆ ನೋಯುತ್ತಿತ್ತು. ನೀನು ಕಿರುಚಿದ್ದಕ್ಕೆ ಒಡೆಯಲಿಲ್ಲ ಅಂದೆ. ನಂಬಲಿಲ್ಲ. "ಹಾಗಾದರೆ ನನ್ನ ಕಿವಿ ಹತ್ತಿರ ಕಿರುಚು" ಅಂದೆ. ಬೇಡ ಅಂದಳು. ನಾನೇ ಕಿರುಚಿದೆ. ಅಮ್ಮ ಗಾಬರಿಯಿಂದ ಓಡಿ ಬಂದರು. ಏನು ಅಂತ ಗೊತ್ತಾದ ಮೇಲೆ ಅವರೂ ಕಿರುಚಿದರು. ಕೊನೆಗೆ ಪುಟ್ಟಿ, ಮೊದಲು ಸಣ್ಣಗೆ, ಆಮೇಲೆ ಜೋರಾಗಿ. ಕಿರುಚಿ ಕಿರುಚಿ ಅದು ಅಳುವಾಯಿತು. ರಾತ್ರಿ ಒಂದೂವರೆಯವರೆಗೆ ಅತ್ತಳು. ನಡುನಡುವೆ ನನ್ನ ಹಣೆ ಮುಟ್ಟಿ ನೋಡುತ್ತಿದ್ದಳು.

ಮೊನ್ನೆ ಬಾಗಿಲನ್ನು ಧಡಾರ್ ಅಂತ ಹಾಕಿದಳು. ಅಮ್ಮ ಮತ್ತು ನಾನು ಮುಖ ಮುಖ ನೋಡಿಕೊಂಡೆವು.

ಮೂರೂವರೆಯ ಕರೆ ನಿಂತಿದೆ. ಆ ಫೋನನ್ನು ಮನೆಗೆ ತಂದಿದ್ದೇನೆ, ಅದು ಈಗ ನೀಲಿ ಬ್ಯಾಗಿನಲ್ಲಿರುತ್ತದೆ. ಅದರಲ್ಲಿ ಅವಳಮ್ಮ ಕಳಿಸಿದ್ದ ಹನ್ನೊಂದು ಸೆಕೆಂಡಿನ ಒಂದು ಧ್ವನಿ ಸಂದೇಶ ಇದೆ. "ಎಲ್ಲಿದೀರಾ, ಇವಳು ನೀವು ಬರೋವರೆಗೂ ಮಲಗಲ್ಲ ಅಂತಿದಾಳೆ, ಬೇಗ ಬನ್ನಿ" ಅಂತ. ಹಿಂದೆ ಪುಟ್ಟಿ ಕುಣಿಯುವ ಸದ್ದೂ ಇದೆ. ನಿನ್ನೆ ಅದನ್ನು ಅವಳಿಗೆ ಕೇಳಿಸಿದೆ. ಎರಡು ಸಲ ಕೇಳಿ ಫೋನ್ ಪಕ್ಕಕ್ಕಿಟ್ಟಳು. ಇನ್ನೊಂದು ಸಲ ಕೇಳ್ತೀಯಾ ಅಂದರೆ ಬೇಡ ಅಂದಳು. ಯಾಕೆ ಅಂದೆ. "ಜಾಸ್ತಿ ಕೇಳಿದ್ರೆ ಖಾಲಿ ಆಗ್ಬಿಡುತ್ತಾ ಅಪ್ಪ?" ಅಂದಳು.

ಆಗಲ್ಲ ಅಂದೆ. ಅವಳು ಮಲಗಿದ ಮೇಲೆ ಅದನ್ನು ಮೂರು ಕಡೆ ಕಾಪಿ ಮಾಡಿ ಇಟ್ಟೆ.